ನೀರಿನ ಟ್ಯಾಂಕ್ ಮೇಲಿನ ನಾಯಿಮರಿ

ನನ್ನ ಫೋನಿನಲ್ಲಿ ಇಪ್ಪತ್ತೆರಡು ಸೆಕೆಂಡಿನ ಒಂದು ವಿಡಿಯೊ ಇದೆ. ತಾರಸಿಯ ನೀರಿನ ಟ್ಯಾಂಕ್ ಮೇಲೆ ಒಂದು ಕೋತಿ ಕೂತಿದೆ. ಇನ್ನೂ ಪೂರ್ತಿ ಬೆಳೆಯದ ಹೆಣ್ಣು. ಅದರ ಎಡಗಿವಿಯ ತುದಿ ಹರಿದಿದೆ. ಮಡಿಲಲ್ಲಿ ಕಂದು ಬಣ್ಣದ ನಾಯಿಮರಿ. ಕೋತಿ ಒಂದು ಕೈಯಲ್ಲಿ ಮರಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅದರ ಕಿವಿಯ ಹಿಂದಿನ ಕೂದಲನ್ನು ಬಿಡಿಸಿ ಬಿಡಿಸಿ ನೋಡುತ್ತಿದೆ. ಏನೋ ಸಿಕ್ಕಾಗ ಎರಡು ಬೆರಳಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ. ಮತ್ತೆ ಹುಡುಕುತ್ತದೆ. ಮರಿ ಅಲ್ಲಾಡುತ್ತಿಲ್ಲ.

ನಾನು ಆ ವಿಡಿಯೊವನ್ನು ಗೆಳೆಯರಿಗೆಲ್ಲ ಕಳಿಸಿದೆ. ಜೊತೆಗೆ ‘ತಾಯಿ ಹೃದಯ’ ಅಂತ ಬರೆದೆ. ನಿಮಿಷದಲ್ಲಿ ಹತ್ತಾರು ಮಂದಿ ಮೆಚ್ಚಿದರು. ಒಬ್ಬರು, ಕಣ್ಣಲ್ಲಿ ನೀರು ಬಂತು ಎಂದರು. ನನಗೂ ಹಾಗೇ ಆಗಿತ್ತು.

ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡೋಣ ಅಂತ ಹಾಕಿದೆ. ಈ ಸಲ ಶಬ್ದ ಜೋರಾಗಿ ಇಟ್ಟಿದ್ದೆ. ಹಿಂದೆ ಒಂದು ನಾಯಿ ಬೊಗಳುವುದು ಕೇಳಿಸಿತು. ಬೊಗಳುವುದು, ಆಮೇಲೆ ಕುಂಯ್‌ಗುಡುವುದು, ಮತ್ತೆ ಬೊಗಳುವುದು. ಆ ಮರಿಯ ತಾಯಿ ಅದು. ಟ್ಯಾಂಕಿನ ನೇರ ಕೆಳಗೆ, ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿತ್ತು. ಬೆಳಗ್ಗೆಯಿಂದ ಅಲ್ಲೇ ಇತ್ತು. ನಾನು ಅದರ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿ ಹೋಗಿ ವಿಡಿಯೊ ಮಾಡಿದ್ದೆ. ಮರಿ ಹಾಲು ಕುಡಿದು ಅಷ್ಟೊತ್ತಿಗೆ ಹನ್ನೆರಡು ಗಂಟೆಯಾದರೂ ಆಗಿರಬೇಕು. ಅದು ಅಲ್ಲಾಡದೆ ಕೂತದ್ದು ಸುಖಕ್ಕೆ ಎಂದು ನಾನು ಅಂದುಕೊಂಡಿದ್ದೆ.

ಅವತ್ತಿನಿಂದ ಕೋತಿಗಳು ಬೇರೆ ಪ್ರಾಣಿಗಳ ಜೊತೆ ಹೇಗಿರುತ್ತವೆ ಅನ್ನುವುದು ನನ್ನ ತಲೆಯಿಂದ ಇಳಿದಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಕೋತಿ ಕಂಡಲ್ಲಿ ನಿಂತು ನೋಡಿದ್ದೇನೆ.

2021ರ ಡಿಸೆಂಬರ್‌ನ ಆ ಸುದ್ದಿ ನಿಮಗೂ ನೆನಪಿರಬಹುದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಲವೂಲ್ ಎಂಬ ಹಳ್ಳಿಯಲ್ಲಿ ಮುಸುವಗಳು ನಾಯಿಮರಿಗಳನ್ನು ಎತ್ತಿಕೊಂಡು ಹೋಗಿ ಮನೆಗಳ ಮೇಲೆ, ಮರಗಳ ಮೇಲೆ ಇಟ್ಟುಕೊಳ್ಳುತ್ತಿದ್ದವು. ಕೆಲವು ಮರಿಗಳು ಬಿದ್ದು ಸತ್ತವು. ಕೆಲವು ಮೇಲೆಯೇ ಹಾಲು ನೀರಿಲ್ಲದೆ ಸತ್ತವು. ನಾಯಿಗಳು ಒಂದು ಕೋತಿಮರಿಯನ್ನು ಕೊಂದವು, ಅದಕ್ಕೆ ಇದು ಸೇಡು ಎಂದು ಊರಿನವರು ಹೇಳಿದರು. ಸತ್ತ ನಾಯಿಗಳು 250 ಎಂಬ ಲೆಕ್ಕವೂ ಪತ್ರಿಕೆಗಳಲ್ಲಿ ಓಡಾಡಿತು. ‘ಕೋತಿಗಳ ಸೇಡು’ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಕೊನೆಗೆ ಅರಣ್ಯ ಇಲಾಖೆಯವರು ಬಂದು ಎರಡು ಮುಸುವಗಳನ್ನು ಹಿಡಿದುಕೊಂಡು ಹೋದರು.

ನಾನು ಆ ಸುದ್ದಿಯನ್ನು ಮತ್ತೆ ಹುಡುಕಿ ಓದಿದ್ದು ಟ್ಯಾಂಕಿನ ಘಟನೆ ಆದ ಮೇಲೆ. ಓದುತ್ತಾ ಮೈ ಜುಂ ಅಂದಿತು. ಕೋತಿ ಮಾಡಿದ್ದು ಎರಡೂ ಕಡೆ ಒಂದೇ ಅಲ್ವಾ? ಮರಿಯನ್ನು ಎತ್ತಿಕೊಂಡಿತು. ಎತ್ತರಕ್ಕೆ ಒಯ್ದಿತು. ಬಿಡದೆ ಇಟ್ಟುಕೊಂಡಿತು. ಅಲ್ಲಿನವರು ಅದನ್ನು ಸೇಡು ಎಂದರು, ನಾನು ತಾಯಿ ಹೃದಯ ಎಂದೆ. ನಮಗೆ ಬೇಕಾದ ಹೆಸರನ್ನು ನಾವು ಇಟ್ಟೆವು.

ಹಾಗಾದರೆ ಆ ಕೈಗಳು ಮಾಡುವುದು ಏನನ್ನು?

ಮೊದಲು ಕೂದಲು ಬಿಡಿಸುವುದನ್ನೇ ತಗೊಳ್ಳಿ. ಕೋತಿಗೆ ಅದು ಬರೀ ಹೇನು ಹೆಕ್ಕುವ ಕೆಲಸ ಅಲ್ಲ. ಗುಂಪಿನಲ್ಲಿ ಯಾರು ಯಾರಿಗೆ ಹತ್ತಿರ, ಯಾರ ಜೊತೆ ಜಗಳ ಮುಗಿಯಿತು, ಯಾರ ಮರಿಯನ್ನು ಸ್ವಲ್ಪ ಮುಟ್ಟಬೇಕು ಅನ್ನುವುದೆಲ್ಲ ಅದರಲ್ಲೇ ನಡೆಯುತ್ತದೆ. ಹೀಗೆ ತಲೆ ಕೊಟ್ಟು ಕೂತ ಕೋತಿಯ ಎದೆಬಡಿತ ನಿಧಾನವಾಗುವುದನ್ನು ಅಳೆದು ನೋಡಿದ್ದಾರೆ. ನಾಯಿಯ ಮೈಯಲ್ಲಿ ಉಣ್ಣಿ, ಚಿಗಟ ಜಾಸ್ತಿ. ಕೂದಲು ದಟ್ಟ. ಕೋತಿಯ ಬೆರಳಿಗೆ ಕೆಲಸವೋ ಕೆಲಸ. ನಾಯಿಗೂ ತನ್ನ ಹಲ್ಲಿಗೆ, ಉಗುರಿಗೆ ಎಟುಕದ ಜಾಗದಲ್ಲಿ ಯಾರಾದರೂ ಕೆರೆದುಕೊಟ್ಟರೆ ಹಿತ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಮುದಿ ನಾಯಿ ಇತ್ತು. ಕಣ್ಣಿಗೆ ಪೊರೆ ಬಂದಿತ್ತು. ಗುಂಪಿನಿಂದ ಬೇರೆಯಾದ ಒಂಟಿ ಗಂಡು ಕೋತಿಯೊಂದು ಅದರ ಹತ್ತಿರ ಬಂದು ಕೂರುತ್ತಿತ್ತು. ಮೊದಮೊದಲು ನಾಲ್ಕು ಮಾರು ದೂರ. ಆಮೇಲೆ ಕೈಗೆಟುಕುವಷ್ಟು. ಆಮೇಲೆ ಒಂದು ದಿನ ನೋಡುತ್ತೇನೆ, ನಾಯಿ ಮಗ್ಗುಲಾಗಿ ಮಲಗಿದೆ, ಕೋತಿ ಅದರ ಕುತ್ತಿಗೆಯನ್ನು ಹುಡುಕುತ್ತಿದೆ. ನಾಯಿ ಎದ್ದು ಹೋದರೆ ಕೋತಿ ಹಿಡಿಯುತ್ತಿರಲಿಲ್ಲ. ನಾಯಿ ಗುರ್ ಎಂದರೆ ಹಿಂದೆ ಸರಿಯುತ್ತಿತ್ತು. ಈಗ ಯೋಚಿಸಿದರೆ ನನಗೆ ಮುಖ್ಯ ಅನ್ನಿಸುವುದು ಇದೇ. ಆ ನಾಯಿಗೆ ಎದ್ದು ಹೋಗುವ ಅವಕಾಶ ಇತ್ತು. ಟ್ಯಾಂಕ್ ಮೇಲಿನ ಮರಿಗೆ ಇರಲಿಲ್ಲ.

ಇನ್ನು ಮರಿ ಎತ್ತಿಕೊಳ್ಳುವ ವಿಷಯ. ಬಹಳ ಜಾತಿಯ ಕೋತಿಗಳಲ್ಲಿ ಹೊಸ ಮರಿ ಹುಟ್ಟಿತೆಂದರೆ ಗುಂಪಿನ ಹೆಣ್ಣುಗಳಿಗೆಲ್ಲ ಅದರ ಮೇಲೆ ಕಣ್ಣು. ಮುಸುವಗಳಲ್ಲಂತೂ ಹುಟ್ಟಿದ ಮರಿ ಕೆಲವೇ ಗಂಟೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ದೊಡ್ಡ ಮುಸುವಗಳ ಮೈ ಬೂದು, ಹೊಸ ಮರಿಯ ಮೈ ಕಪ್ಪು. ದೂರದಿಂದಲೇ ಎದ್ದು ಕಾಣುತ್ತದೆ. ಇನ್ನೂ ಹೆರದ ಎಳೆ ಹೆಣ್ಣುಗಳೇ ಜಾಸ್ತಿ ಆಸೆಪಡುವುದು. ಆಫ್ರಿಕಾದ ವರ್ವೆಟ್ ಕೋತಿಗಳನ್ನು ನೋಡಿದ ಜೇನ್ ಲ್ಯಾಂಕಾಸ್ಟರ್ ಇದನ್ನು ‘ತಾಯ್ತನದ ಕಲಿಕೆ’ ಎಂದು 1971ರಲ್ಲೇ ಬರೆದರು. ಬೇರೆಯವರ ಮರಿಯನ್ನು ಎತ್ತಿ, ತಪ್ಪಾಗಿ ಹಿಡಿದು, ತಲೆಕೆಳಗು ಮಾಡಿ, ಬೈಸಿಕೊಂಡು ಅವು ಕಲಿಯುತ್ತವೆ.

ಈ ಕಲಿಕೆಯಲ್ಲಿ ಕೋತಿಮರಿಗೆ ಎರಡು ಆಸರೆ ಇರುತ್ತವೆ. ನಾಯಿಮರಿಗೆ ಅವೆರಡೂ ಇಲ್ಲ.

ಒಂದು, ಅದರ ಕೈ. ಕೋತಿಮರಿ ಹುಟ್ಟಿದ ದಿನವೇ ಎರಡೂ ಕೈಯಲ್ಲಿ ಕೂದಲನ್ನು ಬಿಗಿಯಾಗಿ ಹಿಡಿಯುತ್ತದೆ. ತಾಯಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಮರಿಯನ್ನು ಹಿಡಿದುಕೊಂಡು ಹಾರುವುದಿಲ್ಲ. ಮರಿಯೇ ತಾಯಿಯನ್ನು ಹಿಡಿದಿರುತ್ತದೆ. ನಾಯಿಮರಿಗೆ ಹಿಡಿತವೇ ಇಲ್ಲ. ಅದರ ಪಂಜ ನೆಲಕ್ಕಾಗಿ ಮಾಡಿದ್ದು. ಕೋತಿ ತನ್ನ ಅಭ್ಯಾಸದಂತೆ ಕೈಬಿಟ್ಟು ಹಾರಿದರೆ ಮರಿ ಕೆಳಗೆ. ಅದು ಎಸೆದದ್ದು ಅಂತ ನೋಡಿದವರಿಗೆ ಅನ್ನಿಸಬಹುದು. ಕೋತಿಯ ಕಡೆಯಿಂದ ನೋಡಿದರೆ, ಮರಿ ಹಿಡಿದುಕೊಳ್ಳಬೇಕಿತ್ತು, ಹಿಡಿದುಕೊಳ್ಳಲಿಲ್ಲ.

ಎರಡನೆಯದು ತಾಯಿ. ಕೋತಿಮರಿ ಹಸಿದು ಚೀರಿದರೆ ಅದರ ತಾಯಿ ಅದೇ ಮರದಲ್ಲಿರುತ್ತದೆ. ಬಂದು ಕಿತ್ತುಕೊಳ್ಳುತ್ತದೆ. ಎರವಲು ಪಡೆದ ಮರಿ ಹಾಲಿನ ಹೊತ್ತಿಗೆ ವಾಪಸ್ ಹೋಗುವುದು ಹೀಗೆ. ಎತ್ತಿಕೊಂಡವಳು ತಾನಾಗಿ ಕೊಡುವುದು ಕಡಿಮೆ. ನಾಯಿಮರಿಯ ತಾಯಿ ಅಂಗಳದಲ್ಲಿ ನಿಂತು ಬೊಗಳಬಲ್ಲದು, ಅಷ್ಟೇ. ಟ್ಯಾಂಕ್ ಹತ್ತಲಾರದು.

ಇದು ಹೊಳೆದ ಮೇಲೆ ನನಗೆ ಸೇಡೂ ಕಾಣಲಿಲ್ಲ, ನಾನು ಬರೆದ ತಾಯಿ ಹೃದಯವೂ ಕಾಣಲಿಲ್ಲ. ಕಂಡದ್ದು ಮರಿ ಎತ್ತುವ ಆಸೆ. ಆ ಆಸೆ ನಿಜವಾದದ್ದೇ. ಆದರೆ ಅದನ್ನು ಸರಿದಾರಿಯಲ್ಲಿ ಇಡಲು ಬೇಕಾದ ಉಳಿದದ್ದೆಲ್ಲ ಅಲ್ಲಿ ಇರಲಿಲ್ಲ.

ಪನಾಮಾ ದೇಶದ ಕೊಯ್ಬಾ ರಾಷ್ಟ್ರೀಯ ಉದ್ಯಾನದಲ್ಲಿ ಹಿಕಾರೊನ್ ಎಂಬ ದ್ವೀಪ ಇದೆ. ಅಲ್ಲಿ ಕಪುಚಿನ್ ಕೋತಿಗಳು ಕಲ್ಲಿನಿಂದ ಕಾಯಿ ಒಡೆಯುತ್ತವೆ. ಅದನ್ನು ನೋಡಲು ಸಂಶೋಧಕರು ಕಾಡಿನಲ್ಲಿ ಕ್ಯಾಮೆರಾ ಕಟ್ಟಿದ್ದರು. 2022ರ ಜನವರಿಯಲ್ಲಿ ಒಂದು ಎಳೆ ಗಂಡು ಕಪುಚಿನ್ ಬೆನ್ನ ಮೇಲೆ ಬೇರೆ ಜಾತಿಯ ಮರಿಯೊಂದು ಕಂಡಿತು. ಅದು ಹೌಲರ್ ಕೋತಿಯ ಹಸುಗೂಸು. ಆ ಗಂಡಿಗೆ ಸಂಶೋಧಕರು ಜೋಕರ್ ಅಂತ ಹೆಸರಿಟ್ಟರು. ಮೊದಲು ಅವರಿಗೂ ಇದು ದತ್ತು ಪಡೆದ ಕತೆಯಂತೆ ಕಂಡಿತು. ಆಮೇಲೆ ಇನ್ನೊಂದು ಮರಿ. ಮತ್ತೊಂದು. ಕೆಲವು ತಿಂಗಳ ನಂತರ ಇನ್ನೂ ನಾಲ್ಕು ಗಂಡುಗಳು ಅದನ್ನೇ ಮಾಡತೊಡಗಿದವು. ಹದಿನೈದು ತಿಂಗಳಲ್ಲಿ ಹನ್ನೊಂದು ಮರಿಗಳು. ಒಂದೊಂದನ್ನು ದಿನಗಟ್ಟಲೆ ಹೊತ್ತು ತಿರುಗಿದವು. ಗಂಡುಗಳಲ್ಲಿ ಹಾಲೆಲ್ಲಿಂದ ಬರಬೇಕು? ಕನಿಷ್ಠ ನಾಲ್ಕು ಮರಿಗಳು ಸತ್ತದ್ದು ಖಚಿತವಾಗಿದೆ. ಉಳಿದವೂ ಬದುಕಿದಂತೆ ಕಾಣುವುದಿಲ್ಲ. 2025ರಲ್ಲಿ ಜೋಯಿ ಗೋಲ್ಡ್ಸ್‌ಬರೊ ಮತ್ತು ಅವರ ಜೊತೆಗಾರರು ಇದನ್ನು ಪ್ರಕಟಿಸಿದರು.

ನನ್ನನ್ನು ಕಾಡಿದ ಮಾತು ಇದು: ಆ ಗಂಡುಗಳು ಮರಿಗಳನ್ನು ಕಚ್ಚಲಿಲ್ಲ, ತಿನ್ನಲಿಲ್ಲ, ಅವುಗಳ ಜೊತೆ ಆಡಿದ್ದೂ ಕಡಿಮೆ. ಸುಮ್ನೆ ಹೊತ್ತುಕೊಂಡು ತಿರುಗಿದವು. ಆ ದ್ವೀಪದಲ್ಲಿ ಕೋತಿಗಳನ್ನು ಹಿಡಿದು ತಿನ್ನುವ ಪ್ರಾಣಿ ಇಲ್ಲ. ಬಿಡುವು ಜಾಸ್ತಿ. ಒಂದು ಮಾಡಿದ್ದನ್ನು ನೋಡಿ ಇನ್ನೊಂದು ಮಾಡುತ್ತದೆ. ಕಲ್ಲಿನಿಂದ ಕಾಯಿ ಒಡೆಯುವ ಕಲಿಕೆಯೂ, ಮರಿ ಕದಿಯುವ ಈ ಅಭ್ಯಾಸವೂ ಒಂದೇ ದ್ವೀಪದ್ದು ಅನ್ನುವುದನ್ನು ಮರೆಯಲು ನನಗಾಗಿಲ್ಲ.

ಹಾಗಂತ ಎಲ್ಲ ಕಡೆ ಹೀಗೇ ಆಗುವುದಿಲ್ಲ. ಬ್ರೆಜಿಲ್‌ನಲ್ಲಿ ಕಪುಚಿನ್ ಗುಂಪೊಂದು ಮಾರ್ಮೊಸೆಟ್ ಎಂಬ ತೀರಾ ಚಿಕ್ಕ ಕೋತಿಯ ಮರಿಯನ್ನು ಸಾಕಿತು. ಪಟ್ರೀಸಿಯಾ ಇಜಾರ್ ಮತ್ತು ಅವರ ಜೊತೆಗಾರರು 2006ರಲ್ಲಿ ಇದನ್ನು ಬರೆದಿದ್ದಾರೆ. ಆ ಮರಿ ಫೋರ್ಚುನಾಟ. ಹೆಣ್ಣು ಕಪುಚಿನ್‌ಗಳು ಅದನ್ನು ಹೊತ್ತವು, ತಿನ್ನಲು ಬಿಟ್ಟುಕೊಟ್ಟವು. ಆಟವಾಡುವಾಗ ಕಪುಚಿನ್‌ಗಳು ತಮ್ಮ ಬಲವನ್ನು ತಗ್ಗಿಸುತ್ತಿದ್ದವಂತೆ. ಎದುರಿಗಿರುವುದು ಎಷ್ಟು ಚಿಕ್ಕದು ಎಂದು ಆ ಕೈಗಳಿಗೆ ಗೊತ್ತಾಗಿತ್ತು. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ಆದರೂ ಒಂದು ವ್ಯತ್ಯಾಸ ಗಮನಿಸಿ. ಮಾರ್ಮೊಸೆಟ್ ಕೂಡ ಕೋತಿಯೇ. ಅದಕ್ಕೂ ಹಿಡಿಯುವ ಕೈ ಇದೆ. ಬೆನ್ನ ಮೇಲೆ ಹೇಗೆ ಕೂರಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕೆ ತಿರುವುಮುರುವಾದ ಒಂದು ಪ್ರಯೋಗವೂ ಇದೆ. 1974ರಲ್ಲಿ ವಿಲಿಯಂ ಮೇಸನ್ ಮತ್ತು ಕೆನ್ನಿ ಎಂಬ ಇಬ್ಬರು, ರೀಸಸ್ ಕೋತಿಯ ಮರಿಗಳನ್ನು ನಾಯಿಗಳ ಜೊತೆ ಬಿಟ್ಟು ನೋಡಿದರು. ಮರಿಗಳು ಮೊದಲು ಹೆದರಿದವು. ಆದರೆ ಆ ಹೆದರಿಕೆ ಬಹಳ ಹೊತ್ತು ಉಳಿಯಲಿಲ್ಲ. ನಾಯಿಯನ್ನು ಅಪ್ಪಿಕೊಂಡವು, ಅದರ ಹಿಂದೆಯೇ ಹೋದವು, ಅದೇ ತಾಯಿ ಎಂಬಂತೆ ಅಂಟಿಕೊಂಡವು. ಮರಿಗಳನ್ನು ಸ್ವಂತ ತಾಯಿಯಿಂದ ಬೇರೆ ಮಾಡಿ ಇಂಥ ಪ್ರಯೋಗ ಮಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಓದುವಾಗ ಹೊಟ್ಟೆ ಹಿಂಡಿದಂತಾಯಿತು. ಆದರೆ ನಾಯಿಯ ಬೆನ್ನೇರಿ ಹೋಗುವ ಅನಾಥ ಕೋತಿಮರಿಗಳ ಚಿತ್ರ ನೋಡಿದಾಗೆಲ್ಲ ಈಗ ಅದು ನೆನಪಾಗುತ್ತದೆ. ಅದು ಸವಾರಿ ಅಲ್ಲ. ಹಿಡಿದುಕೊಳ್ಳಲು ಕೂದಲಿರುವ, ಬೆಚ್ಚಗಿನ, ನಡೆಯುವ ಒಂದು ಮೈ ಅದಕ್ಕೆ ಸಿಕ್ಕಿದೆ.

ಮರಿಗಳ ಮಾತಾಯಿತು. ಬೆಳೆದ ನಾಯಿ ಎಂದರೆ ಕೋತಿಗೆ ಶತ್ರುವೇ. ನೆಲದ ಮೇಲೆ ಒಂಟಿಯಾಗಿ ಸಿಕ್ಕ ಕೋತಿಯನ್ನು ನಾಯಿಗಳ ಗುಂಪು ಹರಿದು ಹಾಕುತ್ತದೆ. ಆದರೆ ಈ ಶತ್ರುವಿಗೆ ಮರ ಹತ್ತಲು ಬರುವುದಿಲ್ಲ. ಅದು ಕೋತಿಗೆ ಚೆನ್ನಾಗಿ ಗೊತ್ತು. ಕೆಳಗಿನ ಕೊಂಬೆಯವರೆಗೆ ಇಳಿದು ನಾಯಿಯ ಬಾಲ ಎಳೆದು ಮತ್ತೆ ಮೇಲೇರುವ ಧೈರ್ಯ ಬರುವುದು ಅದರಿಂದಲೇ. ಚಿರತೆಯ ಹತ್ತಿರ ಈ ಆಟ ನಡೆಯುವುದಿಲ್ಲ. ಬಾನೆಟ್ ಮಕಾಕ್, ಅಂದರೆ ನಮ್ಮ ಕೆಂಪು ಮೂತಿಯ ಸಾಮಾನ್ಯ ಕೋತಿಗಳ ಮುಂದೆ ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ಚಿರತೆಯ ಗೊಂಬೆ ಇಟ್ಟು ನೋಡಿದ್ದರು. ಮೈಮೇಲೆ ಚುಕ್ಕೆಯಿರುವ ಗೊಂಬೆಗೆ ಅವು ಬೆಚ್ಚಿದಷ್ಟು ಕಪ್ಪು ಗೊಂಬೆಗೆ ಬೆಚ್ಚಲಿಲ್ಲ. ಚುಕ್ಕೆಯೇ ಅವಕ್ಕೆ ಎಚ್ಚರಿಕೆ.

ಅಂದರೆ ಕೋತಿ ‘ಪ್ರಾಣಿ’ ಎಂದು ಎಲ್ಲವನ್ನೂ ಒಟ್ಟಿಗೆ ನೋಡುವುದಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ತೂಗುತ್ತದೆ. ಇದಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಇಥಿಯೋಪಿಯಾದ ಗುವಾಸಾ ಎಂಬ ಎತ್ತರದ ಹುಲ್ಲುಗಾವಲಿನದು. ಅಲ್ಲಿ ಗೆಲಾಡ ಕೋತಿಗಳು ನೂರಾರು ಸಂಖ್ಯೆಯಲ್ಲಿ ಕೂತು ಹುಲ್ಲು ಮೇಯುತ್ತವೆ. ಅವುಗಳ ನಡುವೆಯೇ ತೋಳಗಳು ಓಡಾಡುತ್ತವೆ. ಜಗತ್ತಿನಲ್ಲಿ ಕೆಲವೇ ನೂರು ಉಳಿದಿರುವ ಇಥಿಯೋಪಿಯಾದ ತೋಳ ಅದು. ಕೋತಿಮರಿಗಳು ಬಾಯಿಗೆ ಸಿಗುವಷ್ಟು ಹತ್ತಿರ ಇದ್ದರೂ ತೋಳ ಮುಟ್ಟುವುದಿಲ್ಲ. ನಿಧಾನ ನಡೆಯುತ್ತದೆ, ದಿಢೀರ್ ಓಡುವುದಿಲ್ಲ. ಅದಕ್ಕೆ ಬೇಕಾದ್ದು ನೆಲದ ಇಲಿ. ವಿವೇಕ್ ವೆಂಕಟರಾಮನ್ ಮತ್ತು ಜೊತೆಗಾರರು ಎಣಿಸಿ ನೋಡಿದರು. ತೋಳ ಒಂಟಿಯಾಗಿ ಇಲಿ ಹಿಡಿಯಲು ಹೋದಾಗ ನೂರಕ್ಕೆ 25 ಸಲ ಗೆದ್ದರೆ, ಕೋತಿಗಳ ನಡುವೆ ಇದ್ದಾಗ 67 ಸಲ ಗೆಲ್ಲುತ್ತಿತ್ತು. ಕೋತಿಗಳ ಓಡಾಟಕ್ಕೆ ಇಲಿಗಳು ಹೊರಬರುತ್ತವೋ, ಅಥವಾ ಅಷ್ಟು ಕೋತಿಗಳ ನಡುವೆ ತೋಳ ಇಲಿಯ ಕಣ್ಣಿಗೆ ಬೀಳುವುದಿಲ್ಲವೋ, ಎರಡೂ ಇರಬಹುದು. ಒಮ್ಮೆ ಒಂದು ತೋಳ ಕೋತಿಮರಿಗೆ ಬಾಯಿ ಹಾಕಿತು. ಕೋತಿಗಳು ಸೇರಿ ಓಡಿಸಿದವು. ಆ ತೋಳವನ್ನು ಮತ್ತೆ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಅದೇ ಬಯಲಿನಲ್ಲಿ ಬೀದಿನಾಯಿ ಕಂಡರೆ ಆ ಕೋತಿಗಳು ಒಂದೇ ಉಸಿರಿಗೆ ಬಂಡೆಯ ಅಂಚಿಗೆ ಓಡುತ್ತವೆ. ತೋಳವೂ ನಾಯಿಯೂ ಒಂದೇ ಕುಲ. ನಮ್ಮ ಕಣ್ಣಿಗೆ ತೋಳವೇ ಜಾಸ್ತಿ ಭಯ. ಗೆಲಾಡಗಳಿಗೆ ತೋಳದ ನಡಿಗೆ ಗೊತ್ತು. ನಾಯಿಯನ್ನು ನಂಬಲು ಅವಕ್ಕೆ ಕಾರಣ ಸಿಕ್ಕಿಲ್ಲ.

ಮುಸುವ ಮತ್ತು ಚುಕ್ಕೆ ಜಿಂಕೆಯ ಜೊತೆಗಾರಿಕೆ ಬಹಳ ಜನರಿಗೆ ಗೊತ್ತಿರುವುದೇ. ಮುಸುವ ಮೇಲೆ ಕೂತು ಅರ್ಧ ತಿಂದು ಅರ್ಧ ಬೀಳಿಸುತ್ತದೆ, ಜಿಂಕೆ ಕೆಳಗೆ ನಿಂತು ಆ ಎಲೆ ಹಣ್ಣು ತಿನ್ನುತ್ತದೆ. ಮುಸುವಕ್ಕೆ ದೂರದ ಕಣ್ಣು, ಜಿಂಕೆಗೆ ಮೂಗು. ಹುಲಿ ಬಂದರೆ ಯಾರಾದರೊಬ್ಬರು ಕೂಗುತ್ತಾರೆ. ಜಪಾನಿನ ಯಾಕುಶಿಮಾ ದ್ವೀಪದಲ್ಲೂ ಕೋತಿಗಳು ಬೀಳಿಸಿದ್ದನ್ನು ಜಿಂಕೆಗಳು ತಿನ್ನುತ್ತವೆ. ಕೋತಿಗಳು ಜಿಂಕೆಯ ಮೈ ಹುಡುಕುತ್ತವೆ, ಬೆನ್ನೇರುತ್ತವೆ. ಇಷ್ಟವಾದರೆ ಜಿಂಕೆ ನಿಲ್ಲುತ್ತದೆ, ಬೇಡವೆಂದರೆ ಕೊಡವಿ ಹೋಗುತ್ತದೆ. ಇಲ್ಲೂ ನನ್ನ ಕಣ್ಣು ಹೋಗುವುದು ಅಲ್ಲಿಗೇ. ಕೊಡವಿ ಹೋಗಲು ಆಗುತ್ತದೆ.

ಟ್ಯಾಂಕಿನ ಕತೆಗೆ ಬರುತ್ತೇನೆ. ಮರುದಿನ ಬೆಳಗ್ಗೆ ಕೋತಿ ಅಲ್ಲೇ ಇತ್ತು. ಮರಿಯ ದನಿ ಕ್ಷೀಣವಾಗಿತ್ತು. ಕೋಲು ಹಿಡಿದು ಓಡಿಸೋಣ ಎಂದು ಪಕ್ಕದ ಮನೆಯವರು ಬಂದರು. ನಾನು ಬೇಡವೆಂದೆ. ಹೆದರಿಸಿದರೆ ಅದು ಮರಿಯನ್ನು ಹಿಡಿದುಕೊಂಡೇ ಹಾರುತ್ತದೆ. ಒಂದು ಕೈ ಜಾರಿದರೆ ಮುಗಿಯಿತು. ಹತ್ತಿರ ಹೋದಾಗ ಕೋತಿ ತುಟಿ ಹಿಂದೆಳೆದು ಹಲ್ಲು ತೋರಿಸಿತು. ನಗುತ್ತಿದೆ ಎಂದು ಮಕ್ಕಳು ಹೇಳುವುದುಂಟು. ಅದು ಹೆದರಿದೆ ಎಂದರ್ಥ. ಹೆದರಿದ ಕೋತಿ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು, ತಡಮಾಡದೆ ರೇಬೀಸ್ ಲಸಿಕೆಗೆ ಓಡಬೇಕು. ನಾನು ಕಣ್ಣಿಗೆ ಕಣ್ಣು ಕೊಡದೆ, ಹಿಂದಕ್ಕೆ ಹೆಜ್ಜೆ ಇಟ್ಟು ಬಂದೆ.

ಬಿಸಿಲು ಏರಿತು. ತಾರಸಿಯ ಇನ್ನೊಂದು ತುದಿಯಲ್ಲಿ ಅಗಲವಾದ ಬೋಗುಣಿಯಲ್ಲಿ ನೀರಿಟ್ಟು ಬಾಗಿಲ ಹಿಂದೆ ಕಾದೆ. ಒಂದು ಗಂಟೆ ಕಾದಿರಬೇಕು. ಕೋತಿ ಇಳಿಯಿತು, ಮರಿಯನ್ನು ಎದೆಗೊತ್ತಿಕೊಂಡೇ. ಬೋಗುಣಿಯ ಹತ್ತಿರ ಬಂದು ಎರಡೂ ಕೈ ಊರಿ ಬಗ್ಗಲು ಮರಿಯನ್ನು ನೆಲಕ್ಕಿಟ್ಟಿತು. ಮೆಲ್ಲಗೆ ಇಟ್ಟಿತು. ನಾನು ಅದನ್ನು ಹೇಳದೆ ಇರಲಾರೆ. ಮರಿ ತೆವಳಿ ನೆರಳಿನ ಕಡೆ, ನನ್ನ ಬಾಗಿಲ ಕಡೆ ಬಂತು. ಕೈ ಚಾಚಿ ಎಳೆದುಕೊಂಡು ಬಾಗಿಲು ಹಾಕಿದೆ. ಹೊರಗೆ ಕೋತಿ ಬಾಗಿಲು ಬಡಿಯಿತು. ಆಮೇಲೆ ಕಿಟಕಿಗೆ ಬಂತು. ಸರಳು ಹಿಡಿದು ಒಳಗೆ ಇಣುಕಿ, ಎಳೆದ ದನಿಯಲ್ಲಿ ಕರೆಯಿತು. ಎರಡು ಸಲ, ಮೂರು ಸಲ. ನನಗೆ ಅದರ ಮುಖ ನೋಡಲಾಗಲಿಲ್ಲ.

ಕೆಳಗೆ ತಾಯಿ ನಾಯಿ ಮರಿಯನ್ನು ಮೂಸಿತು. ಮರಿಯ ಮೈಯೆಲ್ಲ ಕೋತಿಯ ವಾಸನೆ ಇದ್ದಿರಬೇಕು. ಸ್ವಲ್ಪ ಹೊತ್ತು ಹಿಂಜರಿಯಿತು. ಆಮೇಲೆ ಉರುಳಿಸಿ ಉರುಳಿಸಿ ನೆಕ್ಕಿತು. ಮರಿ ಹಾಲು ಕುಡಿಯುವಾಗ ಅದರ ಹಿಂಗಾಲು ನಡುಗುತ್ತಿತ್ತು. ಮರುದಿನ ಆ ಕೋತಿ ಕಾಂಪೌಂಡಿನ ಮೇಲೆ ಬಂದು ಕೂತು ಮರಿಯನ್ನೇ ನೋಡಿತು. ತಾಯಿ ನಾಯಿ ಎದ್ದು ನಿಂತು ಗುರುಗುಟ್ಟಿತು. ಬೆನ್ನ ಮೇಲಿನ ಕೂದಲು ನೆಟ್ಟಗಾಗಿತ್ತು. ಕೋತಿ ಇಳಿಯಲಿಲ್ಲ. ಗುಂಪು ಮುಂದೆ ಹೋದಾಗ ಅದೂ ಹೋಯಿತು.

ಆ ವಿಡಿಯೊವನ್ನು ನಾನು ಅಳಿಸಿಲ್ಲ. ಕಳಿಸಿದವರಿಗೆಲ್ಲ ನಡೆದದ್ದನ್ನು ಮತ್ತೆ ಬರೆದು ತಿಳಿಸಿದೆ.

ಮರಿ ಈಗ ಬೆಳೆದಿದೆ. ಕೋತಿಗಳ ಗುಂಪು ಬಂದರೆ ಬೀದಿಯ ನಾಯಿಗಳೆಲ್ಲ ಮರದ ಕೆಳಗೆ ಸೇರಿ ಬೊಗಳುತ್ತವೆ. ಇದು ಬೊಗಳುವುದಿಲ್ಲ. ಮೆಟ್ಟಿಲ ಕೆಳಗೆ ನುಗ್ಗಿ ಗೋಡೆಗೆ ಒತ್ತಿಕೊಂಡು ಮಲಗುತ್ತದೆ. ಗುಂಪು ಹೋಗುವವರೆಗೆ ಹೊರಗೆ ಬರುವುದಿಲ್ಲ.

ಹೋದ ತಿಂಗಳು ಆ ಗುಂಪು ಮತ್ತೆ ಬಂದಿತ್ತು. ಎಡಗಿವಿ ಹರಿದ ಹೆಣ್ಣು ಟ್ಯಾಂಕಿನಿಂದ ಮರಕ್ಕೆ ಹಾರಿತು. ನಾಲ್ಕೂ ಕೈಕಾಲು ಚಾಚಿ, ಯಾವುದನ್ನೂ ಹಿಡಿಯದೆ ಹಾರಿತು. ಅದರ ಹೊಟ್ಟೆಯಡಿ ಒಂದು ಪುಟ್ಟ ಮರಿ ಎರಡೂ ಮುಷ್ಟಿಯಲ್ಲಿ ಕೂದಲು ಹಿಡಿದು ನೇತಾಡುತ್ತಿತ್ತು.